ಐದೂ ಮಂದಿ ಹಾಜರ್

ಏಪ್ರಿಲ್ 8, ಬೆಳಿಗ್ಗೆ 10.20. ಧಾರವಾಡದ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ದಾಕ್ಷಾಯಿಣಿಯ ಮುಂದೆ, ಖಾಸಗಿ ವಿಶ್ವವಿದ್ಯಾಲಯವೊಂದರ ಕಚೇರಿ ಅಧೀಕ್ಷಕ ದತ್ತು ಒಂದು ಹಾಳೆ ಇಟ್ಟರು. ಜೈವಿಕ ಸುರಕ್ಷತಾ ಸಮಿತಿಯ ಸಭೆಯ ನಡಾವಳಿ. ದನಗಳ ಗರ್ಭ ಇಳಿಸುವ ಕಂದು ರೋಗ ತರುವ ರೋಗಾಣುವಿನ ಸಂಶೋಧನೆಗೆ ಒಪ್ಪಿಗೆ. ಕೆಳಗೆ ಐದು ಸಹಿ.

“ಖೊಟ್ಟಿ ಅಂತ ಹೆಂಗ ಗೊತ್ತಾತ್ರಿ?”

“ಐದೂ ಮಂದಿ ಹಾಜರ್ ಅಂತ ಬರದದರಿ ಮೇಡಂ. ನಾ ಬಂದು ಹನ್ನೊಂದು ವರ್ಷಾತು, ಹಂಗ ಒಮ್ಮೆನೂ ಆಗಿಲ್ಲ.”

ಹೆಡ್ ಕಾನ್‌ಸ್ಟೆಬಲ್ ಫಕೀರೇಶ ನಕ್ಕುಬಿಟ್ಟ. ದಾಕ್ಷಾಯಿಣಿ ನಗಲಿಲ್ಲ.

“ಆ ರೋಗ ಮನಷ್ಯಾರಿಗೂ ಬರತೈತೇನ್ರಿ?”

“ಬರತದರಿ. ಸಣ್ಣ ಗಾಯ ಸಾಕು. ತಿಂಗಳುಗಟ್ಲೆ ಜ್ವರ.”

ಎಫ್‌ಐಆರ್ ದಾಖಲಾಯಿತು. ವಿಶ್ವವಿದ್ಯಾಲಯದ ಪ್ರಯೋಗಾಲಯದ ಪಂಚನಾಮೆಗೆ ಸಮಿತಿಯ ಒಬ್ಬರಾದರೂ ಬರಲೆಂದು ಅವಳು ಮಧ್ಯಾಹ್ನದವರೆಗೂ ಫೋನು ಮಾಡಿದಳು. ಒಬ್ಬರು ಪುಣೆಯಲ್ಲಿ, ಒಬ್ಬರು ಮದುವೆಯಲ್ಲಿ. ಇಬ್ಬರು ಎತ್ತಲೇ ಇಲ್ಲ. ಅಧ್ಯಕ್ಷ ವಿಜಯೀಂದ್ರ ಎತ್ತಿದರು.

“ಬರದು ಕಳಸ್ರಿ, ಮುಂದಿನ ಸಭಾದಾಗ ಇಡೋಣ.”

“ಅದು ಯಾವಾಗ್ರಿ?”

“ತಾರೀಖು ಇನ್ನೂ ಗೊತ್ತಾಗಿಲ್ಲ.”

“ಇವರನ್ನ ಒಂದ ಕಡೆ ಕೂಡಸಾಕ ವಾರಂಟ್ ಬೇಕ್ರಿ ಮೇಡಂ,” ಎಂದ ಫಕೀರೇಶ.

ಕೊನೆಗೆ 3.10ಕ್ಕೆ, ಇಬ್ಬರು ಪಂಚರ ಎದುರು, ಪ್ರಯೋಗಾಲಯದ ಫ್ರೀಜರ್ ತೆರೆಸಿ, ಕೈಗವಸು ತೊಟ್ಟು ದಾಕ್ಷಾಯಿಣಿಯೇ ರೋಗಾಣುವಿನ ಗಾಜಿನ ಶೀಷೆಗಳನ್ನು ಎಣಿಸಿದಳು. ಹನ್ನೊಂದನೆಯದರ ಕುತ್ತಿಗೆ ಒಡೆದಿತ್ತು. ಗಾಜು ಕೈಗವಸು ಹರಿದು ಬೆರಳಿಗೆ ಚುಚ್ಚಿತು. ಅವಳು ಬೆರಳು ಮಡಚಿಕೊಂಡಳು. “ಹನ್ನೆರಡು,” ಎಂದಳು. ಫಕೀರೇಶ ಬರೆದುಕೊಂಡ.

4.30ಕ್ಕೆ, ಆ ಸಂಶೋಧನೆ ಮಾಡುತ್ತಿದ್ದ ಪಿಎಚ್‌ಡಿ ವಿದ್ಯಾರ್ಥಿನಿ ಧನಶ್ರೀಯ ವಿಚಾರಣೆ.

“ಸಹಿ ಯಾರು ಮಾಡಿದ್ದು?”

“ನಾನ ಮಾಡೇನ್ರಿ.”

“ಐದೂ?”

“ನಿಯಮದಾಗ ಐದು ಮಂದಿ ಅಂತ ಅದರಿ.”

5.15ಕ್ಕೆ ಬಂಧನ. ಅವಳ ಚೀಲದಲ್ಲಿ ಹದಿನಾಲ್ಕು ತಿಂಗಳ ಹಿಂದೆ ಕೊಟ್ಟ ಅರ್ಜಿಯ ಪ್ರತಿ ಇತ್ತು. ಅದರ ಹಿಂದೆ, ಸಭೆ ಮುಂದೂಡಲಾಗಿದೆ ಎಂಬ ಏಳು ಪತ್ರಗಳು, ತಾರೀಖಿನ ಪ್ರಕಾರ ಜೋಡಿಸಿದ್ದು. ಪಿಎಚ್‌ಡಿ ಅವಧಿ ಜೂನ್‌ಗೆ ಮುಗಿಯುವುದಿತ್ತು. ಏಳನೆಯ ಪತ್ರ ಬಂದ ಮರುದಿನವೇ ಅವಳು ಸಹಿ ಕಲಿಯಲು ಕೂತಿದ್ದಳು.

ಜೀಪು ಹತ್ತುವಾಗ ಧನಶ್ರೀ ತಟ್ಟನೆ ನಿಂತಳು.

“ಮೇಡಂ, ಬೆರಳಿಗೇನಾತ್ರಿ? ಶೀಷೆ ಚುಚ್ಚಿತೇನು? ಲಗೂ ಔಷಧ ತಗೋಬೇಕ್ರಿ. ಸಮಿತಿಗೂ ವರದಿ ಬರದು ಕೊಡ್ರಿ, ಅವರು ಸೇರಿ ನೋಡ್ತಾರ.”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿದಂತೆ ಅವಳು ಫಕೀರೇಶನ ಕೈಯಲ್ಲಿದ್ದ ತನ್ನ ಚೀಲದ ಕಡೆ ನೋಡಿದಳು.

“ಪಿನ್ನು ತಾಗೇತಿ. ಹತ್ತವಾ,” ಎಂದಳು ದಾಕ್ಷಾಯಿಣಿ.

ಠಾಣೆಯ ನಲ್ಲಿಯಲ್ಲಿ ಅವಳು ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದಳು. ವರದಿ ಬರೆದರೆ, ಒಡೆದ ಶೀಷೆಯ ಮಾತೇ ಇಲ್ಲದ ಪಂಚನಾಮೆ ತಪ್ಪೆಂದು ಆಗುತ್ತದೆ. ಕಾಗದ ಅದೇ ಐವರ ಮೇಜಿಗೆ ಹೋಗಿ ಕೂರುತ್ತದೆ. ಬೆರಳಿಗೆ ಪಟ್ಟಿ ಸುತ್ತಿದಳು. ಫಕೀರೇಶನಿಗೂ ಹೇಳುವುದಿಲ್ಲ, ಮನೆಯಲ್ಲೂ ಹೇಳುವುದಿಲ್ಲ ಎಂದುಕೊಂಡು ನಲ್ಲಿ ಬಿಗಿಯಾಗಿ ತಿರುಗಿಸಿದಳು.