ನೀರಿಲ್ಲದ ಕಾಯಿ

ಸೋಮವಾರದ ಪೂಜೆಗೆಂದು ಗುಡ್ಡ ಹತ್ತಿದ ಅರ್ಚಕ ಮರುಳಪ್ಪನವರ ಕೈಯಿಂದ ತಂಬಿಗೆ ಜಾರಿತು. ಈಶ್ವರನ ಗುಡಿಯ ಅಂಗಳದಲ್ಲಿ, ಕಲ್ಲು ಬಸವನ ಎದುರಿಗೇ, ತಾಯಿಕರಡಿ ಸತ್ತು ಬಿದ್ದಿತ್ತು. ಬಾಯಲ್ಲಿ ನೊರೆ. ಮೊಲೆಯಲ್ಲಿ ಹಾಲು. ಬೆನ್ನಿನ ಕೂದಲು ಹಿಡಿದು ಮರಿಯೊಂದು ಕುಂಯ್‌ಗುಡುತ್ತಿತ್ತು.

ಅದು ಎರಡು ಸಾವಿರದ ಮೂರನೆಯ ಇಸವಿ. ಹಾರನಹಳ್ಳಿಯಾಚೆಯ ಆ ಗುಡ್ಡದಲ್ಲಿ ಕರಡಿ ಉಳಿದಿವೆಯೇ ಎಂದು ಅರಣ್ಯ ಇಲಾಖೆ ನೋಡುತ್ತಿದ್ದ ಕಾಲ. ಉಳಿದಿದ್ದರೆ ಗುಡ್ಡ ಕರಡಿಯ ಪಾಲು. ಇಲ್ಲದಿದ್ದರೆ ಕಲ್ಲು ಒಡೆಯುವವರ ಪಾಲು.

ವಲಯ ಅರಣ್ಯಾಧಿಕಾರಿ ಮಂಜುಳಾ ಜೀಪಿನಿಂದಿಳಿದಾಗ ಯಾರೂ ಕೈ ಮುಗಿಯಲಿಲ್ಲ.

"ಕರಡಿ ಸತ್ರೆ ಓಡ್ ಬತ್ತೀರಿ. ಮನುಷ್ಯನ್ನ ಸಿಗಿದಾಗ ಎಲ್ಲೋಗಿದ್ರಿ?" ಗುಂಪಿನಿಂದ ಒಂದು ದನಿ.

ಊರವರು ಆಗಲೇ ತೀರ್ಪು ಕೊಟ್ಟಿದ್ದರು. ಕುರಿ ಕಾಯುವ ಲಕ್ಕಪ್ಪನನ್ನು ಅಂಗಳದ ಅರಳಿಮರಕ್ಕೆ ಕಟ್ಟಿದ್ದರು. ಕರಡಿ ಸತ್ತಿದ್ದಕ್ಕಲ್ಲ, ದೇವರ ಅಂಗಳದಲ್ಲಿ ವಿಷವಿಟ್ಟಿದ್ದಕ್ಕೆ. ಹಿಂದಿನ ವರ್ಷ ಕರಡಿ ಅವನ ಮುಖ ಹರಿದಿತ್ತು. "ಇದರ ವಂಶ ತೆಗೀತೀನಿ" ಎಂದು ಅವನು ಟೀ ಅಂಗಡಿಯಲ್ಲಿ ಕೂಗಾಡಿದ್ದನ್ನು ಕೇಳದವರಿರಲಿಲ್ಲ.

"ಬೈದಿದ್ದು ನಿಜ ಕಣವ್ವಾ," ಎಂದ ಲಕ್ಕಪ್ಪ. "ಕೊಂದಿಲ್ಲ. ಮರಿ ಇರೋ ತಾಯೀನ ಕೊಲ್ತಾರಾ?"

"ಪೊಲೀಸರಿಗೆ ಒಪ್ಪಿಸಿ ಮೇಡಂ. ನಮ್ಮೂರ ಮರ್ಯಾದೆ ಉಳೀಲಿ," ಎಂದ ಜಯದೇವಪ್ಪ. ತೆಂಗಿನ ತೋಟದ ಧಣಿ, ಹಣೆತುಂಬ ವಿಭೂತಿ. ಗುಡಿಯ ದೀಪದೆಣ್ಣೆ ಅವನದು. ಈಚೆಗೆ ಜಲ್ಲಿ ಕ್ರಷರ್ ಹಾಕುವ ಮಾತಾಡುತ್ತಿದ್ದ.

ಮಂಜುಳಾ ಕರಡಿಯ ಪಂಜದಡಿಯಿಂದ ಕಾಯಿಚಿಪ್ಪಿನ ಎರಡು ಹೋಳು ಎತ್ತಿದಳು. ಚಿಪ್ಪಿನ ಒಳಗು ನುಣ್ಣಗಿತ್ತು. ತಿರುಳಿನ ಚೂರು ಬೇರೆಯೇ ಬಿದ್ದಿತ್ತು. ಮೂಸಿದಳು. ಕೀಟನಾಶಕದ ಘಾಟಿನ ಹಿಂದೆ ಇನ್ನೊಂದು ವಾಸನೆ. ಜಾವಗಲ್ಲಿನ ತವರಿನಲ್ಲಿ ಕಾಯಿ ಒಣಗಿಸುವ ಅಟ್ಟದ ಕೆಳಗೆ ಮಲಗಿ ಬೆಳೆದವಳಿಗೆ ಗುರುತಿನದು.

"ಕಾಯಿಗೆ ವಿಷ ಹಾಕಿದ್ದಾರೆ," ಎಂದಷ್ಟೇ ಹೇಳಿ ಹೋಳುಗಳನ್ನು ಚೀಲಕ್ಕೆ ಹಾಕಿಕೊಂಡಳು.

* * *

"ಅಯ್ಯನವರೇ, ಈಗ ಯಾರ ಅಟ್ಟದಲ್ಲಿ ಕಾಯಿ ಉಳಿದಿದೆ?" ಮಂಜುಳಾ ಅರ್ಚಕರನ್ನು ಪಕ್ಕಕ್ಕೆ ಕರೆದು ಕೇಳಿದಳು.

"ಎಲ್ರೂ ಕೊಬ್ಬರಿ ಸುಲಿಸಿ ಅರಸೀಕೆರೆ ಮಂಡಿಗೆ ಹಾಕ್ಬಿಟ್ರಲ್ಲ ತಾಯಿ. ರೇಟು ಏರ್ಲಿ ಅಂತ ಕಾದಿರೋನು ಜಯದೇವಪ್ಪ ಒಬ್ನೇ. ಯಾಕೆ?"

ಮಂಜುಳಾ ಚೀಲ ಬಿಚ್ಚಿ ತೋರಿಸಿದಳು. ಚಿಪ್ಪಿನ ನುಣ್ಣನೆಯ ಒಳಗನ್ನು ನೋಡಿ ಮರುಳಪ್ಪನವರು ಕಲ್ಲು ಬಸವನ ಕಡೆ ತಿರುಗಿದರು.

* * *

ಪೊಲೀಸರು ಬಂದರು. ಲಕ್ಕಪ್ಪನ ತೋಳಿಗೆ ಕೈ ಹಾಕುವಷ್ಟರಲ್ಲಿ ಮರುಳಪ್ಪನವರು ಅಡ್ಡ ನಿಂತರು.

"ತಡೀರಿ. ದೇವರ ಕಾಯಿಗೆ ವಿಷ ಹಾಕಿದೋನು ನಿರ್ವಂಶ ಆಗ್ಲಿ ಅಂತ ಎಲ್ರೂ ಬಸವನ ಮುಟ್ಟಿ ಹೇಳಿ. ಆಮೇಲೆ ಕರ್ಕೊಂಡು ಹೋಗ್ಲಿ."

ಕಟ್ಟು ಬಿಚ್ಚಿಸಿಕೊಂಡ ಲಕ್ಕಪ್ಪನೇ ಮೊದಲು ಮುಟ್ಟಿದ. ಒಬ್ಬೊಬ್ಬರಾಗಿ ಮುಟ್ಟಿದರು. ಜಯದೇವಪ್ಪನ ಸರದಿ ಬಂತು. ಕೈ ಮೇಲೇಳಲಿಲ್ಲ.

"ಏನ್ ಧಣೀ, ಕೈ ಹಿಡ್ಕೊಂತಾ?" ಯಾರೋ ನಕ್ಕರು.

"ದೇವರ ಕಾಯಿಗೇ ವಿಷ ಹಾಕಿದ ಚಂಡಾಲ ಯಾರೋ ಅವನಿಗೆ ತಟ್ಟುತ್ತೆ. ನಿನಗೇನಪ್ಪಾ ಭಯ?" ಎಂದರು ಮರುಳಪ್ಪನವರು.

"ಯಾವನಯ್ಯ ದೇವರ ಕಾಯಿ ಅಂದೋನು?" ಜಯದೇವಪ್ಪ ಬೆವರುತ್ತ ಕಿರುಚಿದ. "ಅದು ಗಿಟಕು! ನೀರು ಬತ್ತಿದ ಒಣ ಗಿಟಕು!"

ಮಂಜುಳಾ ಗುಂಪು ದಾಟಿ ಮುಂದೆ ಬಂದಳು.

"ಗಿಟಕು ಅಂತ ಗೊತ್ತಿದ್ದಿದ್ದು ನನಗೆ, ಅಯ್ಯನವರಿಗೆ," ಎಂದಳು ಮಂಜುಳಾ. "ಮೂರನೆಯವರು ನೀವು. ಅಂಗಡೀಲಿ ಕೊಬ್ಬರಿ ಸಿಗುತ್ತೆ, ಚಿಪ್ಪಿನ ಸಮೇತ ಸಿಗಲ್ಲ. ಚಿಪ್ಪಿನೊಳಗೇ ಒಣಗಿದ್ದು ಬೇಕಂದ್ರೆ ಅಟ್ಟ ಹತ್ತಬೇಕು. ಲಕ್ಕಪ್ಪನ ಗುಡಿಸಲಿಗೆ ಅಟ್ಟ ಎಲ್ಲಿದೆ? ಊರಲ್ಲಿ ತುಂಬಿದ ಅಟ್ಟ ಉಳಿದಿರೋದು ನಿಮ್ಮದೊಂದೇ. ಕರಡಿ ಇಲ್ಲ ಅಂತಾದ್ರೆ ಕಲ್ಲೆಲ್ಲ ನಿಮ್ಮ ಕ್ರಷರಿಗೆ. ಅಪವಾದ ಹೊರೋಕೆ ಈ ಹರಿದ ಮುಖ ಸಿಕ್ತು."

ಜಯದೇವಪ್ಪ ಹಿಂದಕ್ಕೆ ಸರಿದ. ಪೊಲೀಸನೊಬ್ಬ ಅವನ ತೋಳು ಹಿಡಿದ.

"ಒಂದು ತಿಳೀಲಿಲ್ಲ," ಎಂದಳು ಮಂಜುಳಾ. "ತೋಟದಲ್ಲಿ ನೀರುಗಾಯಿ ಬೇಕಾದಷ್ಟಿತ್ತು. ಅದನ್ನ ತಂದಿದ್ರೆ ನನಗೆ ನಿಮ್ಮ ಸುಳಿವೇ ಸಿಗ್ತಿರಲಿಲ್ಲ."

"ನೀರಿರೋ ಕಾಯಿ ಸ್ವಾಮಿಗೆ ಸಲ್ಲೋದು," ಎಂದ ಅವನು, ಬಸವನ ಕಡೆ ನೋಡದೆ. "ಅದಕ್ಕೆ ವಿಷ ಹಾಕೋಕೆ ಕೈ ಬರ್ಲಿಲ್ಲ."

"ಕಾಯಿಗೆ ಹೆದರ್ದೆ ಕಣೋ," ಎಂದರು ಮರುಳಪ್ಪನವರು. "ಕಾಯೋನಿಗೆ ಹೆದರ್ಲಿಲ್ಲ."

ಪೊಲೀಸರು ಅವನನ್ನು ಕರೆದೊಯ್ದರು. ಲಕ್ಕಪ್ಪನಿಗೆ ಯಾರೂ ತಪ್ಪಾಯಿತೆನ್ನಲಿಲ್ಲ. ಅವನೂ ಯಾರ ಮುಖ ನೋಡಲಿಲ್ಲ. ನೇರವಾಗಿ ಜೀಪಿನ ಬಳಿ ಹೋಗಿ, ಇಲಾಖೆಯವರು ಒಳಗೆ ಮಲಗಿಸಿದ್ದ, ನಡುಗುತ್ತಿದ್ದ ಮರಿಯ ಮೇಲೆ ತನ್ನ ಕಂಬಳಿ ಎಸೆದ.

"ಥೂ! ನಿಮ್ಮವ್ವನೇ ಕಣ್ಲಾ ನನ್ನ ಮುಖ ಕೆಡಿಸಿದ್ದು," ಎಂದು ಗೊಣಗಿ, ಕಂಬಳಿಯ ಅಂಚನ್ನು ಒಳಕ್ಕೆ ಮಡಿಸಿದ.