ಮರಳಿನ ಗೂಡು ಅಗೆಯುವ ಮುನ್ನ

"ಬಕೆಟ್! ಅಯ್ಯೋ ದೇವ್ರೇ, ಯಾರಾದ್ರೂ ಬಕೆಟ್ ಹಿಡೀರಿ!"

ಕಿರುಚಿದ ಮೇಲೆ ವೇಣಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಮಲೇಷ್ಯಾದ ಮೂಲೆಯಲ್ಲಿರುವ ಪುಟ್ಟ ದ್ವೀಪ, ಆಗಷ್ಟೇ ಬೆಳಕು ಹರಿಯುತ್ತಿರುವ ಹೊತ್ತು. ಇಲ್ಲಿ ಕನ್ನಡದಲ್ಲಿ ಕಿರುಚಿಕೊಂಡರೆ ಯಾರು ಬರಬೇಕು?

ಆಮೆಯೊಂದು ತೋಡಿ ಬಿಟ್ಟುಹೋಗಿದ್ದ ಗುಂಡಿಯಲ್ಲಿ ಅವಳ ಕಾಲು ಮೊಣಕಾಲಿನವರೆಗೆ ಸಿಕ್ಕಿಕೊಂಡಿತ್ತು. ಕೈಯಲ್ಲಿದ್ದ ಬಕೆಟ್ ವಾಲುತ್ತಿತ್ತು. ಅದರೊಳಗೆ ಕಡಲಾಮೆಯ ನೂರಕ್ಕೂ ಹೆಚ್ಚು ಮೊಟ್ಟೆಗಳು!

"ಹಿಡಿದೀನ್ರಿ. ನೀವು ಮೊದಲ ಕಾಲು ತೆಗೀರಿ."

ವೇಣಿ ಬೆಚ್ಚಿಬಿದ್ದಳು. ಕನ್ನಡ! ಅದೂ ಉತ್ತರದ ಕಡೆಯ ಕನ್ನಡ!

ಬಕೆಟ್ ಹಿಡಿದು ನಿಂತಿದ್ದವನು ಉದ್ದಕ್ಕೆ, ಕಪ್ಪಗೆ, ಗ್ರೀಸ್ ಮೆತ್ತಿದ ಅಂಗಿಯಲ್ಲಿದ್ದ. ಸುಳ್ಳು ಯಾಕೆ ಹೇಳಬೇಕು, ಮೊದಲ ನೋಟಕ್ಕೆ ಎದೆ ಝಲ್ಲೆನ್ನುವಂಥ ರೂಪವೇನೂ ಅಲ್ಲ. ಆದರೆ ತುಂಬಿದ ಬಕೆಟನ್ನು ಅವನು ಹಿಡಿದ ರೀತಿ ಇತ್ತಲ್ಲ... ಮಲಗಿದ ಮಗುವನ್ನು ಎತ್ತಿಕೊಂಡಂತೆ.

"ನೀವು... ಕನ್ನಡದವ್ರಾ?"

"ಯಾದಗಿರಿ ಕಡೀರಿ. ಪರಮಾನಂದ. ಬೊಮ್ಮಸಂದ್ರದಾಗ ಇರ್ತೀನಿ. ನೀವು?"

"ದೊಡ್ಡನೆಕ್ಕುಂದಿ."

"ಅಯ್ಯ! ಒಂದ ಬಸ್ಸಿನ ದಾರಿ. ಇಷ್ಟು ದೂರ ಬಂದು ಭೇಟಿ ಆದ್ವಿ ನೋಡ್ರಿ!"

ವೇಣಿ ನಗಲಿಲ್ಲ. ಅವಳ ಕಣ್ಣು ಬಕೆಟ್ಟಿನ ಮೇಲೆಯೇ ಇತ್ತು. "ಮೇಲಿನವು ಉರುಳಿದ್ವು... ನಾನೇ ನೋಡ್ದೆ... ಉರುಳಿದ್ವು!"

ಕಡಲಾಮೆ ಉಳಿಸುವ ಆ ಕ್ಯಾಂಪಿನ ಕೆಲಸವೇ ಮೊಟ್ಟೆ ಹೊರುವುದು. ಅಲೆ ಬಡಿಯುವಷ್ಟು ಹತ್ತಿರ ಆಮೆ ಮೊಟ್ಟೆಯಿಟ್ಟರೆ ಅದನ್ನು ತೆಗೆದು, ಬೇಲಿ ಹಾಕಿದ ಮರಳಿನಲ್ಲಿ ಹೊಸ ಗೂಡು ತೋಡಿ ಇಡಬೇಕು. ಒಂದೇ ಎಚ್ಚರಿಕೆ: ಹೊರುವಾಗ ಮೊಟ್ಟೆಯ ಮೇಲುಭಾಗ ಮೇಲೆಯೇ ಇರಬೇಕು. ಉರುಳಿದರೆ ಒಳಗಿನ ಜೀವ ಉಳಿಯುವುದು ಅನುಮಾನ. ಮೊದಲ ದಿನವೇ ಕ್ಯಾಂಪಿನ ಮುಖ್ಯಸ್ಥೆ ಅದನ್ನು ಮೂರು ಸಲ ಹೇಳಿದ್ದಳು. ಮೂರನೇ ದಿನ ವೇಣಿ ಎಡವಿದ್ದಳು.

ಪರಮಾನಂದ ಬೇಲಿಯವರೆಗೂ ಬಕೆಟ್ ಹೊತ್ತು ತಂದ. ಅವಳ ಜೊತೆ ಮಂಡಿಯೂರಿ ಕೂತು ಒಂದೊಂದೇ ಮೊಟ್ಟೆ ಇಳಿಸಿದ. ಕೊನೆಗೆ ಮರಳು ಮುಚ್ಚುವಾಗ ಅವಳ ಕಣ್ಣೀರೂ ಅದರ ಮೇಲೆ ಬಿತ್ತು.

"ನಾನು ಕೊಂದ್ಬಿಟ್ಟೆ ಅಲ್ವಾ?"

"ಇನ್ನೂ ಎರಡು ತಿಂಗಳು ಅದ ರಿ. ಈಗ ಅತ್ತು ಮುಗಿಸಿದ್ರ ಆಮೇಲೆ ನಗಲಿಕ್ಕೆ ಶಕ್ತಿ ಉಳಿಯೂದಿಲ್ಲ."

ಅಳುವಿನ ನಡುವೆ ಅವಳಿಗೆ ನಗು ಬಂದುಬಿಟ್ಟಿತು. ಅಲ್ಲಿಂದ ಶುರು.

ವೇಣಿ ವೈಟ್‌ಫೀಲ್ಡಿನ ಒಂದು ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವವಳು. ಕೂಡಿಟ್ಟ ರಜೆಯನ್ನೆಲ್ಲ ಸುರಿದು ಒಂದು ತಿಂಗಳಿಗೆ ಬಂದಿದ್ದಳು. ಹೊರಡುವಾಗ ತಾಯಿ ರಾಮಮ್ಮ, "ಆಮೆ ನೋಡಕ್ಕೆ ಇಮಾನ ಅತ್ಬೇಕೇನೇ? ನಮ್ ಕೆರೇಲೇ ಬೇಕಾದಷ್ಟು ಇದ್ವು!" ಎಂದಿದ್ದಳು. ಪರಮಾನಂದ ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ಮಾಡುತ್ತಿದ್ದವನು. ಫ್ಯಾಕ್ಟರಿ ಬೇರೆ ಊರಿಗೆ ಹೋಯಿತು. ಹೊಸ ಕೆಲಸಕ್ಕೆ ಸೇರುವುದಕ್ಕೆ ಮೂರು ತಿಂಗಳಿತ್ತು. ಜನರೇಟರ್ ಮತ್ತು ನೀರಿನ ಪಂಪ್ ನೋಡಿಕೊಳ್ಳುವ ಸ್ವಯಂಸೇವಕರು ಬೇಕೆಂದು ಕ್ಯಾಂಪಿನವರು ಹಾಕಿದ್ದ ಜಾಹೀರಾತು ನೋಡಿ ಬಂದಿದ್ದ. ಅದಕ್ಕೂ ಮೊದಲು ಅವನು ಸಮುದ್ರವನ್ನೇ ಕಂಡಿರಲಿಲ್ಲ!

ದಿನಾ ಸಂಜೆ ಇಬ್ಬರೂ ಆ ಗೂಡಿನ ಬಳಿ ಕೂರುತ್ತಿದ್ದರು. ಅವನು ಪಂಪಿನ ಕಥೆ ಹೇಳುತ್ತಿದ್ದ. ಅವಳು ಅಪ್ಪನ ಕೋಪದ ಕಥೆ ಹೇಳುತ್ತಿದ್ದಳು. ಪ್ರೀತಿ ಎನ್ನುವ ಪದ ಒಬ್ಬರ ಬಾಯಲ್ಲೂ ಬರಲಿಲ್ಲ.

ಹೊರಡುವ ದಿನ ಅವಳೇ ಕೇಳಿದಳು. "ಮನೇಲಿ ಗಂಡು ನೋಡ್ತಿದ್ದಾರೆ. ನಾನು... ನಿಮ್ಮ ಬಗ್ಗೆ ಹೇಳ್ಲಾ?"

ಅವನು ಕೈಯ ಮರಳನ್ನು ಕೊಡವಿಕೊಂಡ. "ನೀವ್ಯಾಕ ಹೇಳ್ತೀರಿ? ನಾನ ಬಂದು ಕೇಳ್ತೀನಿ. ಅಪ್ಪಾರ ನಂಬರ್ ಕೊಡ್ರಿ. ಹಿರಿಯಾರಿಗೆ ಹೇಳಿ ಬರೂದು ರೀತಿ."

---

ವೇಣಿಯ ಅಪ್ಪ ದೊಡ್ಡಮುನಿಯಪ್ಪ ದೊಡ್ಡನೆಕ್ಕುಂದಿಯ ಹಳಬರು. ಊರು ಊರಾಗಿದ್ದಾಗಿನಿಂದ ಇದ್ದವರು. ಮನೆಯ ಮೇಲೆ ಆರು ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಇದ್ದವರೆಲ್ಲ ಯಾದಗಿರಿ, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದವರೇ.

"ಬಾಡಿಗೆಗೆ ಬರೋರ ಕಡೆ ಉಡ್ಗಂಗೆ ಮಗಳನ್ನ ಕೊಡೋದಾ? ಜನ ಏನಂತಾರೆ?"

"ಅಪ್ಪಾ, ಒಂದ್ಸಲ ನೋಡು. ಬರೋ ಭಾನುವಾರ ಅವರೇ ಬರ್ತಾರೆ, ನಾನು ಹೊರಡೋವಾಗ್ಲೇ ಆ ದಿನ ಹೇಳಿದ್ರು."

"ಬರ್ದಿದ್ರೆ?"

"ಬರ್ದಿದ್ರೆ ಅದರ ಮುಂದಿನ ಭಾನುವಾರ ನೀನು ಹೇಳಿದ ಹೊಸಕೋಟೆ ಗಂಡಿನ ಮುಂದೆ ಕೂರ್ತೀನಿ. ಎದುರು ಮಾತಾಡಲ್ಲ."

ಆ ಮಾತನ್ನು ಅವಳು ಧೈರ್ಯದಿಂದಲೇ ಹೇಳಿದ್ದಳು. ಅವನು ಬಾರದೇ ಇರುವುದುಂಟೇ!

ಭಾನುವಾರ ಬಂತು. ರಾಮಮ್ಮ ಬೆಳಿಗ್ಗೆಯೇ ಒಬ್ಬಟ್ಟಿಗೆ ಬೇಳೆ ಬೇಯಿಸಿದಳು. ಹನ್ನೊಂದಾಯಿತು. ಒಂದಾಯಿತು. ಅವನ ಫೋನು ಸ್ವಿಚ್ ಆಫ್. ದೊಡ್ಡಮುನಿಯಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲೇ ಮೂರರವರೆಗೆ ಕೂತು, ಎದ್ದುಹೋಗಿ ಅಂಗಿ ಬಿಚ್ಚಿ ಮೊಳೆಗೆ ಹಾಕಿದರು. ಬೈದಿದ್ದರೆ ವೇಣಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಗಿದ್ದು ಇಷ್ಟು. ಆ ಗೂಡಿಗೆ ಅರವತ್ತು ದಿನ ಕಳೆದಿದ್ದರೂ ಮರಿ ಮೇಲೆ ಬಂದಿರಲಿಲ್ಲ. ಅರವತ್ತೈದು ದಾಟಿದರೆ ಗೂಡು ಅಗೆದು, ಸತ್ತವನ್ನು ಎಣಿಸಿ ಬರೆದಿಡುವುದು ಅಲ್ಲಿನ ನಿಯಮ. ಸೋಮವಾರ ಅಗೆತ. ವಾರಕ್ಕೊಂದೇ ದೋಣಿ, ಅದು ಶುಕ್ರವಾರ. ಪರಮಾನಂದ ದೋಣಿ ಹತ್ತಲಿಲ್ಲ.

ದ್ವೀಪದಲ್ಲಿ ಸಿಗ್ನಲ್ ಇಲ್ಲ. ಹಾಗಾಗಿ ದೋಣಿಯವನಿಗೆ ನಂಬರ್ ಬರೆದುಕೊಟ್ಟು, ದಡಕ್ಕೆ ಹೋದ ಮೇಲೆ ವಿಷಯ ತಿಳಿಸು ಎಂದ. ಕೊಟ್ಟಿದ್ದು ವೇಣಿಯ ನಂಬರಲ್ಲ, ಹಿರಿಯರ ನಂಬರು. ರೀತಿ ನೋಡಿ!

ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ ಸಂಜೆಯೇ ದೊಡ್ಡಮುನಿಯಪ್ಪನವರ ಫೋನು ಹೊಡೆದುಕೊಂಡಿತು. ಯಾವುದೋ ಹೊರದೇಶದ ನಂಬರು.

"ಹಲೋ ಸಾರ್... ಪರಮ್... ಸಂಡೇ ನೋ ಕಮ್... ಟರ್ಟಲ್ ಎಗ್..."

ಹಿಂದಿನ ತಿಂಗಳಷ್ಟೇ ಪಕ್ಕದ ಬೀದಿಯವನೊಬ್ಬ ಇಂಥದೇ ಕರೆ ಎತ್ತಿ ಮೋಸ ಹೋಗಿದ್ದ. ದೊಡ್ಡಮುನಿಯಪ್ಪ ಎದ್ದು ನಿಂತೇ ಕೂಗಿದರು.

"ನಂಗೆ ಎಗ್ಗೂ ಬ್ಯಾಡ, ಲಾಟ್ರಿನೂ ಬ್ಯಾಡ! ಓಟಿಪಿ ಕೇಳಕ್ಕೆ ಬಂದ್ಬುಟ್ಟ! ಇಡ್ಲೇ ಫೋನು!"

ಬ್ಲಾಕ್ ಮಾಡಿದರು. ಜಾಣತನ ಮಾಡಿದೆನೆಂದು ಮೀಸೆ ತೀಡಿಕೊಂಡರು.

ವೇಣಿಗೆ ಇದೊಂದೂ ಗೊತ್ತಿಲ್ಲ. ಇಡೀ ವಾರ ಲ್ಯಾಬಿನಲ್ಲಿ ಸೀಸೆಗಳ ಮುಂದೆ ಕೂತು ಅವಳು ಒಂದನ್ನೇ ಯೋಚಿಸಿದಳು. 'ಯಾಕೆ ಬರಲಿಲ್ಲ? ಅಪ್ಪನ ಹೆದರಿಕೆಯಾ? ಅಲ್ಲಿ ಇನ್ಯಾರಾದರೂ...?' ಕ್ಯಾಂಪಿಗೊಂದು ಮೇಲ್ ಬರೆದರೆ ಮುಗಿಯುತ್ತಿತ್ತು. ಬರೆದಳು. ಅಳಿಸಿದಳು. ಯಾಕೆ ಗೊತ್ತಾ? ಅವನ ಸುದ್ದಿ ಕೇಳಿದರೆ ಗೂಡಿನ ಸುದ್ದಿಯೂ ಬರುತ್ತದೆ. 'ಒಂದೂ ಬದುಕಲಿಲ್ಲ' ಎಂದು ಅದರಲ್ಲಿ ಬರೆದಿದ್ದರೆ? ಎರಡೂ ಏಟನ್ನು ಒಂದೇ ದಿನ ತಿನ್ನುವ ಶಕ್ತಿ ಅವಳಿಗಿರಲಿಲ್ಲ.

ಶನಿವಾರ ಬಂತು. ನಾಳೆ ಹೊಸಕೋಟೆಯವರು.

ಮಧ್ಯಾಹ್ನ ಅಪ್ಪನ ಫೋನು. ದನಿ ಎಂದಿನ ಹಾಗಿರಲಿಲ್ಲ.

"ಮಗಾ... ನಿನ್ ಆಮೆ ಉಡ್ಗ ಬಂದವ್ನೆ. ಜಗಲಿ ಮ್ಯಾಲೆ ಕುಂತವ್ನೆ. ಬೇಗ ಬಾ."

---

ಆಟೋ ಇಳಿದ ವೇಣಿ ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತು ಮನೆಯತ್ತ ನಡೆದಳು. ಸಿಟ್ಟಿಗೋ, ಸಂತೋಷಕ್ಕೋ... ಅವಳಿಗೇ ತಿಳಿಯಲಿಲ್ಲ.

ಜಗಲಿಯ ಒಂದು ತುದಿಯಲ್ಲಿ ಪರಮಾನಂದ, ಇನ್ನೊಂದು ತುದಿಯಲ್ಲಿ ದೊಡ್ಡಮುನಿಯಪ್ಪ. ನಡುವೆ ಮುಟ್ಟದೆ ಆರಿದ ಎರಡು ಲೋಟ ಕಾಫಿ. ಅವನ ಮುಖ ಬಿಸಿಲಿಗೆ ಸುಟ್ಟು ಇನ್ನೂ ಕಪ್ಪಗಾಗಿತ್ತು. ಅವಳನ್ನು ಕಂಡೊಡನೆ ಎದ್ದು ನಿಂತ.

"ಯಾಕೆ ಬಂದ್ರಿ?"

"ತಪ್ಪಾತ್ರಿ."

"ಭಾನುವಾರ ಅಂದಿದ್ರಿ! ನಮ್ಮಮ್ಮ ಒಬ್ಬಟ್ಟು ಮಾಡಿಟ್ಟು ಕಾದ್ಳು! ಅಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡು ಗೊಂಬೆ ಥರ ಕೂತಿತ್ತು! ನಾನು ಯಾರಿಗೆ ಮುಖ ತೋರಿಸ್ಲಿ? ಎಲ್ಲಿದ್ರಿ ನೀವು?"

"ಗೂಡಿನ ಕಡೆ ಇದ್ದೆ ರಿ. ನಿಮ್ಮ ಗೂಡು. ಸೋಮವಾರ ಅಗೀತೀವಿ ಅಂದ್ರು. ಮಳಿ ಬಂದು ಮರಳು ತಣ್ಣಗಾಗ್ಯಾದ, ಅದಕ್ಕ ತಡ ಆಗಿರಬೇಕು, ಇನ್ನೂ ಐದು ದಿನ ಬಿಡ್ರಿ ಅಂತ ಆ ಮೇಡಂಗೆ ಕೈ ಮುಗಿದೆ. ನಾ ಬಿಟ್ಟು ಬಂದಿದ್ರ ಅವತ್ತ ಅಗದು ಬಿಡ್ತಿದ್ರು."

ವೇಣಿ ಒಂದು ಮೆಟ್ಟಿಲು ಹತ್ತಿದಳು.

"...ಆಮೇಲೆ?"

"ಬುಧವಾರ ಸಂಜಿ ಮಳಿ ನಿಂತಿತ್ತು. ಮರಳು ಸ್ವಲ್ಪ ಕುಸಿದಂಗಾತು. ನಾ ಏಡಿ ಬಂತು ಅಂತ ಕೋಲು ತಗೊಂಡೆ. ನೋಡಿದ್ರ... ಮೂಗು ರಿ! ಇಷ್ಟ ಇಷ್ಟ ಮೂಗು! ಒಂದು, ಎರಡು, ಹತ್ತು... ಒಂದರ ಮ್ಯಾಲೆ ಒಂದು ಹತ್ತಿ ಬರಾಕತ್ವು!"

"ಸುಳ್ಳು..."

"ಎಂಬತ್ತಮೂರು ರಿ. ಎಲ್ಲಾ ನೀರು ಸೇರಿದ್ವು. ಒಂದಿಷ್ಟು ಮೊಟ್ಟಿ ಒಡೀಲಿಲ್ಲ, ಅದು ಎಲ್ಲಾ ಗೂಡಿನಾಗೂ ಇರ್ತದಂತ. ನೀವು ಏನೂ ಕೊಂದಿಲ್ರಿ, ವೇಣಿ."

ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಜಾರಿ ಬಿತ್ತು. ವೇಣಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಅತ್ತಳು. ನಗುತ್ತಲೇ ಅತ್ತಳು. ಎಂಬತ್ತಮೂರು!

"ಫೋಟೋ ತೆಗೆದ್ರಾ?"

"ಎಲ್ಲೀದ್ರಿ! ಎರಡೂ ಕೈಲೆ ಏಡಿ ಓಡಸಾಕತ್ತಿದ್ದೆ."

ಬಾಗಿಲಲ್ಲಿ ನಿಂತಿದ್ದ ರಾಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾವ ಆಮೆಗೋ ತಾನೇಕೆ ಅಳುತ್ತಿದ್ದೇನೆಂದು ಅವಳಿಗೂ ಗೊತ್ತಾಗಲಿಲ್ಲ.

ಆದರೆ ಹೆಣ್ಣಿನ ಮನಸ್ಸಿನ ನೋವು ಅಷ್ಟಕ್ಕೇ ಮುಗಿಯುತ್ತದೆಯೇ? ವೇಣಿ ತಲೆಯೆತ್ತಿದಳು.

"ಗೂಡಿಗೆ ನಿಂತಿದ್ದು ಸರಿ. ಆದ್ರೆ ಒಂದು ಮಾತು, ಒಂದೇ ಒಂದು ಮಾತು ಹೇಳಿ ಕಳಿಸ್ಬೋದಿತ್ತಲ್ವಾ? ನಾನು ಅಷ್ಟೂ ಬೇಡವಾದ್ನಾ ನಿಮಗೆ?"

ಪರಮಾನಂದನ ಕಣ್ಣು ಒಮ್ಮೆ ಜಗಲಿಯ ಇನ್ನೊಂದು ತುದಿಗೆ ಹೋಗಿ ಬಂತು. ದೋಣಿಯವನು ಮರುವಾರ ಬಂದು ಎಲ್ಲ ಹೇಳಿದ್ದ. ಆ ಕಡೆಯವರು ಬೈದರು, ಫೋನು ಇಟ್ಟರು, ಮತ್ತೆ ಹತ್ತಲೇ ಇಲ್ಲ ಎಂದು. ಬೈಸಿಕೊಳ್ಳುವುದಾದರೆ ಎದುರಿಗೇ ಬೈಸಿಕೊಳ್ಳೋಣ ಎಂದು ಅವನು ಫೋನಿನ ಗೊಡವೆಗೆ ಹೋಗದೆ ವಿಮಾನ ಹತ್ತಿದ್ದ.

"ಹೇಳಿ ಕಳಸಬೇಕಿತ್ರಿ. ಗೂಡಿನ ಗದ್ದಲದಾಗ ಮರತೆ. ನಂದ ತಪ್ಪು."

ವೇಣಿಯ ಮುಖ ಬಾಡಿತು. 'ಮರೆತ... ನನ್ನನ್ನು ಮರೆತ.' ಅವಳು ಎದ್ದು ಒಳಗೆ ಹೆಜ್ಜೆ ಇಟ್ಟಳು.

ದೊಡ್ಡಮುನಿಯಪ್ಪ ಸುಮ್ಮನೆ ಕೂತಿದ್ದರೆ ಮುಗಿದಿತ್ತು. ನಾಳೆ ಹೊಸಕೋಟೆಯವರು, ನಾಡಿದ್ದು ಮಾತುಕತೆ. ಅವರ ಮಾನ ಅವರಲ್ಲೇ ಉಳಿಯುತ್ತಿತ್ತು. ಟರ್ಟಲ್ ಎಗ್ ಎಂದರೆ ಏನೆಂದು ಅವರಿಗೆ ಈಗಷ್ಟೇ ಹೊಳೆದಿತ್ತು. ಅದು ಯಾರಿಗೂ ತಿಳಿಯಬೇಕಾಗಿರಲಿಲ್ಲ.

ಅವರು ಪಂಚೆ ಕೊಡವಿಕೊಂಡು ಎದ್ದು ನಿಂತರು.

"ಲೇ, ಸುಳ್ ಏಳ್ಬ್ಯಾಡ ಕಣೋ! ನೀನೆಲ್ಲಿ ಮರ್ತೆ?"

ವೇಣಿ ತಿರುಗಿದಳು.

"ಮಗಾ, ಫೋನ್ ಬಂದಿತ್ತು. ಓದ್ ಶುಕ್ರವಾರವೇ. ಯಾವನೋ ಎಗ್ಗು ಎಗ್ಗು ಅಂದ. ನಾನು ಓಟಿಪಿ ಕಳ್ಳ ಅಂದ್ಕಂಡು ಬೈದು ಬ್ಲಾಕ್ ಮಾಡ್ಬುಟ್ಟೆ. ಇಂವ ಅದ್ನ ಗೊತ್ತಿದ್ದೂ ನುಂಗ್ಕಂಡು ನನ್ ಮುಂದೇನೇ ತಪ್ಪು ಒಪ್ಕತಾವ್ನೆ!"

"ಅಪ್ಪಾ!"

"ಅಂಗೆ ನೋಡ್ಬ್ಯಾಡ. ನಂಗೂ ನಾಚ್ಕೆ ಆಯ್ತದೆ."

ಒಳಗಿನಿಂದ ರಾಮಮ್ಮನ ದನಿ ಬಂತು. "ಓಟಿಪಿ ಕಳ್ಳ ಅಂತೆ! ಇವರತ್ರ ಕದಿಯಕ್ಕೆ ಏನೈತೆ ಅಂತ ಕೇಳು!"

ಪರಮಾನಂದ ನಗು ತಡೆಯಲು ತಲೆ ಬಗ್ಗಿಸಿದ. ದೊಡ್ಡಮುನಿಯಪ್ಪ ಅವನ ಹೆಗಲ ಮೇಲೆ ಕೈಯಿಟ್ಟರು. ಭಾರವಾದ ಕೈ.

"ನನ್ ಮಾನ ಕಾಯಕ್ಕೆ ನೀನು ಉಡ್ಗೀನೇ ಬಿಟ್ಕೊಡಕ್ಕೆ ಓಗಿದ್ಯಲ್ಲೋ. ಪೆದ್ದ! ಕುಂತ್ಕೋ. ಊಟ ಮಾಡು."

ಅಂಗಳದ ಕಡೆ ನಡೆದು ಅವರು ಜೋರಾಗಿ ಫೋನು ಮಾಡಿದರು. ಇಡೀ ಬೀದಿಗೆ ಕೇಳಿಸಿತು. "ಹಲೋ, ಒಸಕೋಟೆನಾ? ನಾಳೆ ಬರ್ಬ್ಯಾಡಿ ಕಣ್ರಪ್ಪ, ಬ್ಯಾಸ್ರ ಮಾಡ್ಕಬ್ಯಾಡಿ. ನಮ್ ಉಡ್ಗಿಗೆ ಗಂಡು ಗೊತ್ತಾಗೋಗೈತೆ!"

ಜಗಲಿಯ ಮೇಲೆ ಇಬ್ಬರೇ ಉಳಿದರು. ವೇಣಿ ಅವನ ಪಕ್ಕ ಬಂದು ಕೂತಳು. ಸಿಟ್ಟು ಎಲ್ಲಿ ಹೋಯಿತೋ! ಮೈಯೆಲ್ಲ ಹಗುರ, ಜ್ವರ ಬಿಟ್ಟ ಬೆಳಗಿನ ಹಾಗೆ.

"ನಾನು ಒಳಗೆ ಹೋಗಿದ್ದಿದ್ರೆ ಏನ್ ಮಾಡ್ತಿದ್ರಿ?"

"ಇಲ್ಲೇ ಕೂಡ್ತಿದ್ದೆ. ಮೇಲೆ ಒಂದು ರೂಮು ಖಾಲಿ ಅದ ಅಂತ ಬೋರ್ಡ್ ಕಂಡೆ. ಬಾಡಿಗಿಗೆ ಇರ್ತಿದ್ದೆ."

"ಥೂ!" ಅವಳು ನಕ್ಕಳು. ನಂತರ ದನಿ ಇಳಿಸಿದಳು. "ಒಂದು ಮಾತು ನೀವಿನ್ನೂ ಹೇಳೇ ಇಲ್ಲ."

"ಯಾವುದ್ರಿ?"

"ಗೊತ್ತಿಲ್ದೇ ಇರೋ ಥರ ಆಡ್ಬೇಡಿ!"

ಅವನ ಕಿವಿ ಕೆಂಪಾಯಿತು. ಮೆಷಿನ್ ಬಿಚ್ಚಿ ಜೋಡಿಸುವ ಕೈ, ಎಲ್ಲಿಡಬೇಕೆಂದು ತೋಚದೆ ಮಂಡಿಯ ಮೇಲೆ ಕೂತಿತ್ತು.

"ನೀವಂದ್ರ ನನಗ ಭಾಳ ಪ್ರೀತಿ ರಿ. ಮೊದಲನೇ ದಿನದಿಂದ."

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

"ತಡ ಆತಾ?"

ವೇಣಿ ಆ ಕೈಯ ಮೇಲೆ ತನ್ನ ಕೈಯಿಟ್ಟಳು.

"ಇಲ್ಲ ಬಿಡಿ. ಒಂದು ದಿನ ಮುಂಚೆನೇ ಬಂದ್ರಿ."