ಡ್ರೈವಿನ ದೀಪ ಮಿನುಗಲಿಲ್ಲ

ಶಟರ್ ಮೇಲೆ ಕಬ್ಬಿಣದ ರಾಡು ಬಿತ್ತು. ಮತ್ತೆ ಬಿತ್ತು.

"ಇನ್ನೆಷ್ಟು ಹೊತ್ತು, ಅತ್ತಿಗೆ?"

"ಟೇಪು ಓಡಿದಷ್ಟು ಹೊತ್ತು. ನೀನು ಹಲ್ಲು ಕಡಿದ್ರೆ ಅದೇನು ಜೋರಾಗಿ ಓಡಲ್ಲ."

ನನ್ನ ಕಸುಬು ಕೇಳಬೇಡಿ. ಊರವರ ತಕರಾರು ಬಗೆಹರಿಸುತ್ತೇನೆ ಅಂದುಕೊಳ್ಳಿ. ಇವತ್ತು ತಕರಾರು ನಮ್ಮ ಮನೆಯದೇ. ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರನ ಮೇಲೆ ಕಾರು ಹತ್ತಿಸಿ ಕೊಂದವನು ಮಾಲೀಕನ ಮಗ. ಲಾಕಪ್ಪಿನಲ್ಲಿದ್ದವನು ಅವರ ಡ್ರೈವರ್... ನನ್ನ ಅಣ್ಣ.

ಅವತ್ತು ಹೊಸ ಮೆಷಿನ್ ಉದ್ಘಾಟನೆಯ ವಿಡಿಯೋ ತೆಗೆಯಲು ಹೋಗಿದ್ದವರು ಅತ್ತಿಗೆ. ಕಾರು ನಡೆಸುತ್ತಿದ್ದವನ ಮುಖ ಅವರ ಟೇಪಿನಲ್ಲಿತ್ತು. ಇದ್ದದ್ದು ಒಂದೇ ಟೇಪು. ನಕಲು ತೆಗೆಯುವ ಮೊದಲೇ ಅದು ಹೋದರೆ ಅಣ್ಣನೂ ಹೋದಂತೆ.

ಅತ್ತಿಗೆಯ ಸ್ಟುಡಿಯೋ ಕಂಪ್ಯೂಟರಿಗೆ ಒಂದೇ ಸಾಕೆಟ್. ಅದಕ್ಕೆ ವಿಡಿಯೋ ತುಂಬಿಡುವ ಹೊರಗಿನ ಡ್ರೈವ್, ಡ್ರೈವಿನ ಬೆನ್ನಿಗೆ ಕ್ಯಾಮೆರಾ. ಮೊದಲ ಸಲ ಇಳಿಸುವಾಗ ಚಿತ್ರ ಮುಗ್ಗರಿಸಿತು. ಅತ್ತಿಗೆ ಬೈದುಕೊಂಡು ಏನೇನೋ ಬದಲಿಸಿ, ಟೇಪು ಹಿಂದಕ್ಕೆ ಸುತ್ತಿ, ಮತ್ತೆ ಓಡಿಸಿದರು.

"ಡ್ರೈವಿನ ದೀಪ ಮಿನುಗ್ತಾನೇ ಇಲ್ಲ, ಅತ್ತಿಗೆ! ಏನಾದ್ರೂ ಇಳೀತಿದೆಯಾ?"

"ನೀನು ಬಾಗಿಲು ನೋಡು."

ಶಟರಿನ ಬೀಗ ಮುರಿಯಿತು. ಅತ್ತಿಗೆ ಒಂದು ಕೀ ಒತ್ತಿದರು. ಒಳಗೆ ಬಂದವನು ಗೂಳಿ, ಮಾಲೀಕನ ಬಂಟ. ಹಿಂದೆ ಇನ್ನಿಬ್ಬರು.

ಒಬ್ಬನ ಮೂಗು ಒಡೆದೆ. ಇನ್ನೊಬ್ಬನ ರಾಡು ನನ್ನ ಪಕ್ಕೆಲುಬು ಹುಡುಕಿಕೊಂಡು ಬಂತು. ನೆಲದ ಮೇಲೆ ಬಿದ್ದೇ ಎಲ್ಲ ನೋಡಿದೆ.

ಗೂಳಿ ಕ್ಯಾಮೆರಾದಿಂದ ಟೇಪು ಕಿತ್ತು ಬೂಟಿನಡಿ ಪುಡಿ ಮಾಡಿದ. ಆಮೇಲೆ ಡ್ರೈವಿಗೆ ಕೈ ಹಾಕಿದ. ಅತ್ತಿಗೆ ಅದನ್ನು ಎದೆಗೆ ಅವುಚಿಕೊಂಡರು.

"ಇದೊಂದು ಬಿಡಪ್ಪ. ಕೈ ಮುಗೀತೀನಿ."

"ಓಹೋ... ಇದರಲ್ಲೇ ಇಳಿಸಿದೀಯ."

ಕಿತ್ತುಕೊಂಡು ಗೋಡೆಗೆ ಬಡಿದ. ಅತ್ತಿಗೆ ಬಿಕ್ಕಿ ಬಿಕ್ಕಿ ಅತ್ತರು. ಹೋಗುವ ಮುನ್ನ ಮಾನಿಟರಿಗೂ ಒಂದೇಟು ಬಿತ್ತು.

"ಕಂಪ್ಯೂಟರೂ ಫಿನಿಶ್," ಎಂದು ಗೂಳಿ ಹೊರಟ.

ಅಣ್ಣನಿಗೆ ಏನು ಮುಖ ತೋರಿಸಲಿ? ಅಷ್ಟರಲ್ಲಿ ಮೇಜಿನ ಕೆಳಗೆ ಫ್ಯಾನಿನ ಸದ್ದು ಕೇಳಿಸಿತು. ಅತ್ತಿಗೆ ಎಂದಿನಂತೆ ಕಾಲಿಟ್ಟು ಕೂತಿದ್ದ ಧೂಳು ಡಬ್ಬ... ಕಂಪ್ಯೂಟರ್ ಅಂದರೆ ಅದು! ಗೂಳಿ ಒಡೆದದ್ದು ಬರೀ ಪರದೆ.

"ಒಂದೇ ವೈರಲ್ಲಿ ಕ್ಯಾಮೆರಾದಿಂದ ಬರೋದೂ ಡ್ರೈವಿಗೆ ಹೋಗೋದೂ ನುಗ್ಗಿದ್ರೆ ಚಿತ್ರ ತುಂಡಾಗುತ್ತೆ," ಅತ್ತಿಗೆ ಕಣ್ಣೊರೆಸಿಕೊಂಡರು. "ಅದಕ್ಕೇ ಡ್ರೈವಿಗೆ ಬೇಡ ಅಂತ ಇದರೊಳಗೇ ಇಳಿಸ್ದೆ."

"ಅವನ ಮುಖ?"

"ಬಂದಿದೆ. ಶಟರ್ ಏಳೋ ಮುಂಚೇನೇ ನಿಲ್ಲಿಸ್ದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಕ್ಕೆಲುಬು ಎರಡಕ್ಕೂ ಬಿಡಲಿಲ್ಲ.

"ಎಂಥಾ ನಾಟಕ ಅತ್ತಿಗೆ! ಆ ಅಳು ನಾನೂ ನಂಬಿಬಿಟ್ಟೆ."

"ನಾಟಕ ಅಲ್ಲ ಕಣೋ. ಆ ಡ್ರೈವಲ್ಲಿ ನಮ್ಮ ಮದುವೆ ವಿಡಿಯೋ ಇತ್ತು."

ಅತ್ತಿಗೆ ಬಗ್ಗಿ ಡಬ್ಬದ ಮೇಲಿನ ಧೂಳು ಸೆರಗಿನಿಂದ ಒರೆಸಿದರು.

"ನಿಮ್ಮಣ್ಣ ಹೊರಗೆ ಬರಲಿ. ಇನ್ನೊಂದ್ಸಲ ಮದುವೆ ಆಗ್ತೀನಿ."